ರಾಜನನ್ನೇ ನಗಿಸಿದ ಬಿಷಪ್

ಪ್ರಶ್ನೆ: ಇಂಗ್ಲೆಂಡಿನ ರಾಜ ಎರಡನೇ ಹೆನ್ರಿಯನ್ನು ಎದುರು ಹಾಕಿಕೊಂಡ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ 1170ರಲ್ಲಿ ಚರ್ಚಿನ ಒಳಗೇ ಕೊಲೆಯಾದರಂತೆ. ಆಮೇಲೆ ಆ ರಾಜನಿಗೆ ಎದುರಾಡುವ ಧೈರ್ಯ ಬೇರೆ ಯಾವ ಬಿಷಪ್‌ಗಾದರೂ ಬಂತಾ?
— ಓದುಗರೊಬ್ಬರು, ಸಾಗರ

ಉತ್ತರ: ಬಂತು. ಇಂಗ್ಲೆಂಡಿನ ಲಿಂಕನ್ ಊರಿನ ಬಿಷಪ್ ಹ್ಯೂ ಅವರಿಗೆ. ಆ ಕಾಲದವರಲ್ಲಿ ನನಗೆ ತುಂಬಾ ಇಷ್ಟವಾದ ಮನುಷ್ಯ.

ಹುಟ್ಟಿದ್ದು ಈಗಿನ ಫ್ರಾನ್ಸಿನ ಅವಲಾನ್‌ನಲ್ಲಿ. ಕಾರ್ತೂಸಿಯನ್ ಪಂಥದ ಸನ್ಯಾಸಿ. ಬೆಕೆಟ್ ಕೊಲೆಯ ಪ್ರಾಯಶ್ಚಿತ್ತಕ್ಕೆಂದು ಹೆನ್ರಿ ಸಾಮರ್‌ಸೆಟ್‌ನಲ್ಲಿ ಒಂದು ಮಠ ಶುರು ಮಾಡಿದ್ದ. ಕೆಲಸ ಮುಂದೆ ಸಾಗದೆ ಇವರನ್ನು ಕರೆಸಿಕೊಂಡ. ಬಂದು ನೋಡಿದರೆ ಮಠಕ್ಕಾಗಿ ರೈತರನ್ನು ಎಬ್ಬಿಸಬೇಕಿತ್ತು. ಅವರ ಮನೆಗಳಿಗೆ ಕೊನೇ ಕಾಸಿನ ತನಕ ಪರಿಹಾರ ಸಿಗದೆ ಈ ಜಾಗ ನಮಗೆ ಬೇಡ ಎಂದು ಹ್ಯೂ ಪಟ್ಟು ಹಿಡಿದರು. ರಾಜ ಕೊಡಲೇಬೇಕಾಯಿತು. ಅವರು ಬೇರೇನೂ ಮಾಡದಿದ್ದರೂ ಇದೊಂದೇ ಸಾಕಿತ್ತು ಅನ್ನುತ್ತೇನೆ ನಾನು.

1186ರಲ್ಲಿ ಬಿಷಪ್ ಆದರು. ಆದ ಹೊಸತರಲ್ಲೇ ರಾಜನ ಅರಣ್ಯಾಧಿಕಾರಿಗೆ ಚರ್ಚಿನಿಂದ ಬಹಿಷ್ಕಾರ ಹಾಕಿದರು. ಚರ್ಚಿನ ಹುದ್ದೆಯೊಂದನ್ನು ತನ್ನ ಆಸ್ಥಾನದವನಿಗೆ ಕೊಡಿ ಎಂದು ರಾಜ ಕೇಳಿದರೆ, ಅದಕ್ಕೂ ಆಗಲ್ಲ ಅಂದರು. ರಾಜನ ಬೇಟೆಮನೆಯಿದ್ದ ವುಡ್‌ಸ್ಟಾಕ್‌ಗೆ ಬರಲು ಕರೆ ಬಂತು.

ಕಾಡಿನ ಬಯಲಲ್ಲಿ ರಾಜ ತನ್ನವರ ಜೊತೆ ಸುತ್ತ ಕೂತಿದ್ದ. ಹ್ಯೂ ಬಂದರೆ ಒಬ್ಬರೂ ಏಳಲಿಲ್ಲ, ಮಾತಾಡಲಿಲ್ಲ. ಇವರು ರಾಜನ ಪಕ್ಕದಲ್ಲಿದ್ದ ಸರದಾರನ ಹೆಗಲು ಮುಟ್ಟಿ, ಸರಿಸಿ, ಅಲ್ಲೇ ಕೂತರು. ಮತ್ತೂ ಮೌನ. ರಾಜ ಸೂಜಿ ದಾರ ತರಿಸಿ, ಗಾಯದ ಬೆರಳಿಗೆ ಸುತ್ತಿದ್ದ ಬಟ್ಟೆಗೆ ಹೊಲಿಗೆ ಹಾಕತೊಡಗಿದ. ಹ್ಯೂ ಅದನ್ನೇ ನೋಡುತ್ತಾ, 'ಈಗ ನೀವು ಥೇಟ್ ಫಲೇಸಿನ ನಿಮ್ಮ ನೆಂಟರ ಹಾಗೇ ಕಾಣ್ತೀರಿ' ಅಂದುಬಿಟ್ಟರು! ಫಲೇಸ್ ಅಂದ್ರೆ ಚರ್ಮ ಹೊಲಿಯುವ ಕೆಲಸಕ್ಕೆ ಹೆಸರಾದ ಊರು. ರಾಜನ ಮುತ್ತಜ್ಜ ವಿಲಿಯಮ್‌ನ ತಾಯಿ ಅಲ್ಲಿನ ಸಾಮಾನ್ಯ ಮನೆಯವಳು. ಎಂಥಾ ಮಾತು ಅಲ್ವಾ? ಹೆನ್ರಿ ಬಿದ್ದು ಬಿದ್ದು ನಕ್ಕ. ಅರ್ಥವಾಗದೆ ಕೂತಿದ್ದವರಿಗೆ ತಾನೇ ಬಿಡಿಸಿ ಹೇಳಿದ. ಹ್ಯೂ ಕೊಟ್ಟ ಕಾರಣಗಳನ್ನೂ ಒಪ್ಪಿಕೊಂಡ.

ಹೆನ್ರಿಯ ಮಗ ರಿಚರ್ಡ್‌ಗೂ ಇದೇ ಅನುಭವ. 1197ರಲ್ಲಿ ಅವನು ಫ್ರಾನ್ಸಿನ ಯುದ್ಧಕ್ಕೆ 300 ನೈಟ್‌ಗಳನ್ನು, ಅಂದ್ರೆ ಕುದುರೆ ಸವಾರ ಯೋಧರನ್ನು ಕೇಳಿದಾಗ, ಲಿಂಕನ್ ಚರ್ಚಿನ ಸೈನಿಕ ಸೇವೆ ಇಂಗ್ಲೆಂಡಿನ ಒಳಗೆ ಮಾತ್ರ ಎಂದು ಹ್ಯೂ ಕಡ್ಡಿ ಮುರಿದಂತೆ ಹೇಳಿದರು. ಯಹೂದಿಗಳ ಮೇಲೆ ಜನ ಮುಗಿಬಿದ್ದ ದಿನಗಳಲ್ಲೂ ಅವರ ಪರ ನಿಂತರು.

1200ರ ನವೆಂಬರ್‌ನಲ್ಲಿ ಲಂಡನ್‌ನಲ್ಲಿ ತೀರಿಕೊಂಡರು. ಲಿಂಕನ್‌ನಲ್ಲಿ ಹ್ಯೂ ಅವರ ಶವಕ್ಕೆ ಆಗಿನ ರಾಜ ಜಾನ್ ಹೆಗಲು ಕೊಟ್ಟ. ಊರಿನ ಯಹೂದಿಗಳೂ ಅತ್ತರು.