ಬ್ರಹ್ಮಾಸ್ತ್ರ ಬೇಡ, ಟೈರು ಟ್ಯೂಬು ಸಾಕು

ನಮಸ್ಕಾರ. ನೀವು ಕಳಿಸಿದ 'ಅದೃಶ್ಯ ಯೋಧರು' ಲೇಖನವನ್ನು ಎರಡು ಸಲ ಓದಿದೆ. ಬ್ಯಾಕ್ಟೀರಿಯಾವನ್ನೇ ತಿನ್ನುವ ಫೇಜ್ ವೈರಸ್‌ಗಳ ಪ್ರೋಟೀನ್ ತೆಗೆದು ಔಷಧ ಮಾಡುವ ವಿಷಯ ನಮ್ಮ ಓದುಗರಿಗೆ ಬೇಕಾದದ್ದೇ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲ ಎರಡು ಪುಟ ಬರೀ ಯುದ್ಧ. ಸೇನೆ, ಕೋಟೆ, ಬ್ರಹ್ಮಾಸ್ತ್ರ ಎಲ್ಲ ಬಂದಿವೆ, ಪ್ರೋಟೀನ್ ಮಾತ್ರ ಬಂದಿಲ್ಲ. ಮೂರನೇ ಪುಟದಲ್ಲಿ 'ಎಂಡೋಲೈಸಿನ್ ಬ್ಯಾಕ್ಟೀರಿಯಾವನ್ನು ನಾಶಪಡಿಸುತ್ತದೆ' ಎಂದು ಒಂದೇ ಸಾಲು. ಹೇಗೆ? ಓದುಗರು ಅಷ್ಟು ಹೊತ್ತು ಕಾದದ್ದು ಅದಕ್ಕೇ ಅಲ್ವಾ?

ಸೈಕಲ್ ಚಕ್ರ ನೋಡಿ. ಗಾಳಿ ತುಂಬಿದ ಟ್ಯೂಬನ್ನು ಬಿಗಿಹಿಡಿದಿರುವುದು ಟೈರು. ಟೈರು ಒಂದು ಕಡೆ ಸೀಳಿದರೆ ಟ್ಯೂಬು ಅಲ್ಲೇ ಗುಳ್ಳೆಯಾಗಿ ಹೊರಬಂದು ಢಬ್ ಅನ್ನುತ್ತದೆ. ಬ್ಯಾಕ್ಟೀರಿಯಾದ ಕೋಶಗೋಡೆಯೇ ಆ ಟೈರು. ಒಳಗೆ ಮರಿ ಫೇಜ್‌ಗಳು ತುಂಬಿಕೊಂಡ ಮೇಲೆ ಹೋಲಿನ್ ಎಂಬ ಪ್ರೋಟೀನ್ ಒಳಪೊರೆಗೆ ತೂತು ಕೊರೆಯುತ್ತದೆ. ಆ ತೂತಿನಿಂದ ಎಂಡೋಲೈಸಿನ್ ಎಂಬ ಇನ್ನೊಂದು ಫೇಜ್ ಪ್ರೋಟೀನ್ ಹೊರಟು ಗೋಡೆಯ ಹೆಣಿಗೆಯನ್ನು ಕತ್ತರಿಸುತ್ತದೆ. ಈ ಎಂಡೋಲೈಸಿನ್ ಒಂದನ್ನೇ ಬೇರೆ ಮಾಡಿ ಹೊರಗಿನಿಂದ ಹಾಕಿದರೂ ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾ ಒಡೆಯುತ್ತದೆ, ವೈರಸ್ಸೇ ಬೇಕಿಲ್ಲ. ಲೇಖನದ ತಿರುಳು ಇದು. ನೀವೋ ಫೇಜ್ ಮತ್ತು ಫೇಜ್ ಪ್ರೋಟೀನ್ ಎರಡೂ ಒಂದೇ ಎಂಬಂತೆ ಬರೆದಿದ್ದೀರಿ. ಫೇಜ್ ಬ್ಯಾಕ್ಟೀರಿಯಾದೊಳಗೆ ತಾನೇ ಮರಿ ಹಾಕುತ್ತದೆ. ಪ್ರೋಟೀನ್ ಹಾಕುವುದಿಲ್ಲ, ಕೊಟ್ಟಷ್ಟೇ ಇರುತ್ತದೆ.

'ಎಲ್ಲ ಬ್ಯಾಕ್ಟೀರಿಯಾ' ಇದರಿಂದ ಸಾಯುತ್ತವೆ ಅನ್ನುವುದೂ ತಪ್ಪು. ಇ. ಕೋಲಿಯಂಥವಕ್ಕೆ ಗೋಡೆಯ ಹೊರಗೆ ಇನ್ನೊಂದು ಪೊರೆ ಇದೆ. ಹೆಚ್ಚಿನ ಲೈಸಿನ್‌ಗಳು (ಎಂಡೋಲೈಸಿನ್‌ನಂಥ ಗೋಡೆ ಕತ್ತರಿಸುವ ಪ್ರೋಟೀನ್‌ಗಳು) ಅಲ್ಲೇ ಸಿಕ್ಕಿಕೊಳ್ಳುತ್ತವೆ.

ಕೊನೆಗೆ 'ಇನ್ನು ಆಂಟಿಬಯೋಟಿಕ್ ಬೇಕಿಲ್ಲ' ಎಂದಿದ್ದೀರಿ. ಸ್ಟ್ಯಾಫಿಲೊಕಾಕಸ್‌ನ ರಕ್ತದ ಸೋಂಕಿಗೆ ಎಕ್ಸೆಬಕೇಸ್ ಎಂಬ ಲೈಸಿನ್ನನ್ನು ಆಂಟಿಬಯೋಟಿಕ್ ಜೊತೆಗೇ ಕೊಟ್ಟು ನೋಡಿದ್ದರು. ಆಂಟಿಬಯೋಟಿಕ್ ಒಂದೇ ಕೊಟ್ಟದ್ದಕ್ಕಿಂತ ಜಾಸ್ತಿ ಲಾಭ ಕಾಣದೆ 2022ರಲ್ಲಿ ಮೂರನೇ ಹಂತದ ಪ್ರಯೋಗ ನಿಲ್ಲಿಸಿದರು. ಇದನ್ನು ಬಿಟ್ಟದ್ದು ಯಾಕೆ? ಸೋತ ಕಥೆ ಅಂತಲೇ? ನನಗಂತೂ ಇಡೀ ವಿಷಯದಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದೇ.

ಇನ್ನೊಂದು. 1896ರಲ್ಲಿ ಹ್ಯಾಂಕಿನ್ ಎಂಬ ವಿಜ್ಞಾನಿ ಗಂಗೆಯ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾ ಸಾಯುವುದನ್ನು ಕಂಡ ಕಥೆಗೆ ಅರ್ಧ ಪುಟ ಕೊಟ್ಟಿದ್ದೀರಿ, ನಮ್ಮ ಬೆಂಗಳೂರಿನ ಗಂಗಾಜೆನ್ ಕಂಪನಿಯ ಬಗ್ಗೆ ಒಂದು ಸಾಲೂ ಇಲ್ಲ! ಅವರ ಪಿ128 ಎರಡು ತುಂಡು ಜೋಡಿಸಿದ ಪ್ರೋಟೀನ್. ಗೋಡೆ ಕತ್ತರಿಸುವ ತುಂಡು ಫೇಜ್‌ನ ಬಾಲದಿಂದ ಬಂದದ್ದು, ಸ್ಟ್ಯಾಫಿಲೊಕಾಕಸ್‌ಗೆ ಅಂಟಿಕೊಳ್ಳುವ ತುಂಡು ಬೇರೆ ಕಡೆಯದು.

ಮೊದಲ ಎರಡು ಪುಟ ತೆಗೆದುಬಿಡಿ. ಹೋಲಿನ್ ಕೊರೆಯುವ ತೂತಿನಿಂದ ಶುರು ಮಾಡಿ. 800 ಪದ ಸಾಕು. ಬರೆದು ಕಳಿಸಿ, ಓದುತ್ತೇನೆ. ಶೀರ್ಷಿಕೆ ಆಮೇಲೆ ನೋಡೋಣ.