ಸ್ಕ್ರೀನ್ ಬಂದಾಗ ಯಾರೂ ಕೂಗಲಿಲ್ಲ

ನಾನು ಆಪ್ತಸಮಾಲೋಚಕಿ. ನನ್ನ ಬಳಿ ಬಂದವರೊಬ್ಬರ ಈ ಪ್ರಕರಣದಲ್ಲಿ ಹೆಸರು, ಊರು, ಕೆಲಸ, ತಂಡದ ಗುರುತು ಎಲ್ಲವನ್ನೂ ಬದಲಿಸಿದ್ದೇನೆ. ಬರೆದ ಮೇಲೆ ಅವರಿಗೇ ಓದಿಸಿ ಒಪ್ಪಿಗೆ ಪಡೆದಿದ್ದೇನೆ. ಚೈತ್ರಾ ಅಂತ ಕರೆಯೋಣ.

ಚೈತ್ರಾಗೆ 26 ವರ್ಷ. ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಹೈಸ್ಕೂಲಿನಿಂದ ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ, ಪಾಯಿಂಟ್ ಗಾರ್ಡ್, ಅಂದರೆ ಬಾಲ್ ಮುಂದೆ ತಂದು ಆಟ ನಡೆಸುವವರು. ಆಫೀಸು ಮುಗಿಸಿ ಸಂಜೆ ಕ್ಲಬ್ಬಿನಲ್ಲಿ ಪ್ರಾಕ್ಟೀಸು, ವರ್ಷಕ್ಕೊಂದು ಲೀಗು, ಹೊರ ಊರಿನ ಒಂದೆರಡು ಟೂರ್ನಮೆಂಟು. ದುಡ್ಡೇನೂ ಸಿಗುವುದಿಲ್ಲ. ಬಸ್ ಚಾರ್ಜು, ಊಟ, ಒಂದು ಜೆರ್ಸಿ, ಅಷ್ಟೇ. ಆದರೂ ಅವರ ಸ್ನೇಹಿತರು, ಹುಟ್ಟುಹಬ್ಬ, ಜಗಳ ಎಲ್ಲ ಇರುವುದು ಆ ಕೋರ್ಟಿನ ಸುತ್ತಲೇ.

ಅವರು ನನ್ನ ಬಳಿ ಬಂದದ್ದು ಮಂಡಿ ನೋವು ಅಂತ. ಮೂಳೆ ಡಾಕ್ಟರ್ ಸ್ಕ್ಯಾನ್ ಮಾಡಿಸಿ, ಮಂಡಿಯಲ್ಲಿ ತೊಂದರೆ ಕಾಣಿಸುತ್ತಿಲ್ಲ, ರಾತ್ರಿ ನಿದ್ದೆ ಬರುತ್ತಾ ಅಂತ ಕೇಳಿದ್ದರಂತೆ. ಆ ಪ್ರಶ್ನೆಗೆ ಇವರು ಅಲ್ಲೇ ಅತ್ತುಬಿಟ್ಟರು. ಅದಕ್ಕೇ ಡಾಕ್ಟರ್ ನನ್ನ ಬಳಿ ಕಳಿಸಿದ್ದರು.

ಆದದ್ದು ಇಷ್ಟು. ಹೊರ ಊರಿನ ಟೂರ್ನಮೆಂಟಿಗೆ ತಂಡ ಹೋಗಿತ್ತು. ಉಳಿಯಲು ಕಲ್ಯಾಣ ಮಂಟಪದ ರೂಮುಗಳು. ಚಾರ್ಜಿಗೆ ಹಾಕಿದ್ದ ಚೈತ್ರಾ ಅವರ ಫೋನಿನಲ್ಲಿ, ಗೆಳತಿಯ ಜೊತೆಗಿದ್ದ ಒಂದು ಫೋಟೋವನ್ನು ಯಾರೋ ನೋಡಿದರು. ಇಬ್ಬರೂ ಪ್ರೀತಿಸುತ್ತಿದ್ದಾರೆ ಅಂತ ನೋಡಿದ ಕೂಡಲೇ ಅರ್ಥವಾಗುವ ಫೋಟೋ. ಅವತ್ತು ರಾತ್ರಿಯೇ ಇಬ್ಬರು ಜೂನಿಯರ್ ಹುಡುಗಿಯರು ಬೇರೆ ರೂಮು ಕೇಳಿದರು. ಮ್ಯಾನೇಜರ್ ಮೇಡಂ ಬಂದು, ‘ನೀನು ನನ್ನ ರೂಮಲ್ಲೇ ಮಲಗು, ಸುಮ್ನೆ ಮಾತು ಬೇಡ’ ಅಂದರು. ಯಾರೂ ಬೈಯಲಿಲ್ಲ. ಏನಾಯಿತು ಅಂತ ಯಾರೂ ಕೇಳಲೂ ಇಲ್ಲ.

ಮರುದಿನದ ಮ್ಯಾಚಿನ ಬಗ್ಗೆ ಹೇಳುವಾಗ ಅವರು ನನ್ನ ಟೇಬಲ್ ಮೇಲಿನ ಪೆನ್ನುಗಳನ್ನು ಜೋಡಿಸಿದರು. ನನಗೆ ಆಟ ಗೊತ್ತಿರಲಿಲ್ಲ. ಡಿಫೆನ್ಸ್ ಮಾಡುವವರ ಕಣ್ಣು ಬಾಲ್ ಹಿಡಿದವರ ಮೇಲಿರುತ್ತದೆ. ಎದುರಾಳಿ ತಂಡದ ಇನ್ನೊಬ್ಬಳು ಪಕ್ಕದಲ್ಲಿ ಬಂದು ಅಲುಗದೆ ನಿಲ್ಲುತ್ತಾಳೆ. ಅದೇ ಸ್ಕ್ರೀನ್. ಡಿಫೆನ್ಸ್ ಮಾಡುವವಳಿಗೆ ಅದು ಕಾಣುವುದಿಲ್ಲ. ಹಿಂದಿರುವ ತನ್ನ ತಂಡದವರು ‘ಸ್ಕ್ರೀನ್ ಲೆಫ್ಟ್’, ‘ಸ್ಕ್ರೀನ್ ರೈಟ್’ ಅಂತ ಕೂಗಲೇಬೇಕು. ಅವತ್ತು ಯಾರೂ ಕೂಗಲಿಲ್ಲ. ಚೈತ್ರಾ ಓಡುತ್ತಾ ಹೋಗಿ ಡಿಕ್ಕಿ ಹೊಡೆದು ಬಿದ್ದರು. ಎಬ್ಬಿಸಲು ಕೈ ಕೊಟ್ಟದ್ದು ಎದುರಾಳಿ ತಂಡದ ಹುಡುಗಿ.

‘ಬೈದಿದ್ರೆ ತಿರುಗಿ ಬೈತಿದ್ದೆ ಮೇಡಂ. ಕೂಗದೇ ಇರೋದಕ್ಕೆ ಏನು ಹೇಳ್ಲಿ?’

ಮೊದಲು ನಾನು ಮಾಡಿದ್ದು ಜೀವದ ಬಗ್ಗೆ ಕೇಳಿದ್ದು. ಸಾಯಬೇಕು ಅನ್ನಿಸಿದೆಯಾ ಅಂತ ನೇರವಾಗಿಯೇ ಕೇಳುತ್ತೇನೆ. ಹಾಗೆ ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ‘ಬೆಳಿಗ್ಗೆ ಏಳದೇ ಇದ್ರೆ ಚೆನ್ನಾಗಿರುತ್ತೆ ಅನ್ನಿಸುತ್ತೆ’ ಅಂದರು. ಹಾಗಾಗಿ ಮನೋವೈದ್ಯರನ್ನೂ ಒಮ್ಮೆ ಕಾಣಿಸಿದೆವು. ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು ಅಂತ ಬರೆದಿಟ್ಟುಕೊಂಡೆವು: ಗೆಳತಿ, ಆಮೇಲೆ ಒಬ್ಬ ಹಳೆಯ ಕ್ಲಾಸ್‌ಮೇಟ್, ಅವರೂ ಸಿಗದಿದ್ದರೆ ಟೆಲಿ ಮಾನಸ್, 14416. ಅದು ಸರ್ಕಾರದ ಉಚಿತ ಸಹಾಯವಾಣಿ, ದಿನವಿಡೀ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಅವರು ಕೇಳಿದ ಪ್ರಶ್ನೆ, ಇದನ್ನು ಸರಿ ಮಾಡುವವರು ಇದ್ದಾರಂತಲ್ಲ ಅಂತ. ತಂಡದಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದಲೇ ಒಂದು ನಂಬರ್ ಕೊಟ್ಟಿದ್ದರು. ಇಲ್ಲಿ ನಾನು ಅಡ್ಡಗೋಡೆಯ ಮೇಲೆ ದೀಪ ಇಡುವುದಿಲ್ಲ. ಸಲಿಂಗ ಪ್ರೇಮ ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿತು. ನಮ್ಮ ದೇಶದ ಮನೋವೈದ್ಯರ ಸಂಘವೂ 2018ರಲ್ಲಿ ಅದನ್ನೇ ಹೇಳಿತು. ಬದಲಿಸುತ್ತೇವೆ ಅನ್ನುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೈದ್ಯರ ವೃತ್ತಿ ದುರ್ನಡತೆ ಎಂದು ಸಾರಿತು. ಆ ನಂಬರನ್ನು ಅವರು ನನ್ನ ಮುಂದೆಯೇ ಅಳಿಸಿದರು.

ಚೈತ್ರಾ ಮುಂದೆ ಇದ್ದದ್ದು ಎರಡೇ ದಾರಿ, ಅಂದರೆ ಅವರಿಗೆ ಕಾಣುತ್ತಿದ್ದದ್ದು. ಒಂದೋ ಎಲ್ಲರ ಮುಂದೆ ಹೇಳಿಬಿಡುವುದು, ಇಲ್ಲಾ ಆಟ ಬಿಡುವುದು. ಓಟಗಾರ್ತಿ ದ್ಯುತಿ ಚಂದ್ 2019ರಲ್ಲಿ ತಮ್ಮ ಸಂಬಂಧದ ಬಗ್ಗೆ ಬಹಿರಂಗವಾಗಿ ಹೇಳಿದ್ದು ಅವರಿಗೆ ಬಾಯಿಪಾಠ. ಅಮೆರಿಕದ ವೃತ್ತಿಪರ ಮಹಿಳಾ ಲೀಗಿನ ಸೂ ಬರ್ಡ್, ಬ್ರಿಟ್ನಿ ಗ್ರೈನರ್ ಹೆಸರೂ ಗೊತ್ತು. ‘ಅವರೆಲ್ಲ ಹೇಳಿದ್ರಲ್ಲ, ನಾನೇನು ಹೇಡಿನಾ?’

ಅಲ್ಲ. ಅಮೆರಿಕದ ಗಂಡಸರ ವೃತ್ತಿಪರ ಲೀಗಾದ ಎನ್‌ಬಿಎಯಲ್ಲಿ ಆಡುತ್ತಿರುವಾಗಲೇ ಹೇಳಿದ ಮೊದಲಿಗ ಜೇಸನ್ ಕಾಲಿನ್ಸ್. ಹೇಳಿದ್ದು 2013ರಲ್ಲಿ, ಹನ್ನೆರಡು ಸೀಸನ್ ಆಡಿದ ಮೇಲೆ, 34ನೇ ವಯಸ್ಸಿನಲ್ಲಿ. ಅವರಿಗೆ ಹೆಸರಿತ್ತು, ಉಳಿತಾಯವಿತ್ತು. ದ್ಯುತಿಗೆ ಮನೆಯಿಂದಲೇ ವಿರೋಧ ಬಂತು, ಆದರೆ ಅವರ ಹಿಂದೆ ಪದಕಗಳಿದ್ದವು. ಚೈತ್ರಾಗೆ ಇರುವುದು ಹಂಚಿಕೊಂಡ ರೂಮು, ಏನೂ ಗೊತ್ತಿಲ್ಲದ ಅಪ್ಪ ಅಮ್ಮ. ಹೇಳುವುದು ತಂಡಕ್ಕೆ ತೀರಿಸಬೇಕಾದ ಸಾಲವಲ್ಲ ಅಂದೆ. ಹೇಳಬೇಕಾದಾಗ, ಹೇಳಬೇಕಾದವರಿಗೆ, ಹೇಳಬೇಕಾದಷ್ಟು ಹೇಳಿದರೆ ಸಾಕು.

ಅದಕ್ಕಿಂತ ಮುಖ್ಯವಾದ ಸಲಹೆ ಬೇರೆ ಇತ್ತು. ನೀವು ಯಾರು ಅನ್ನುವುದರ ಬಗ್ಗೆ ತಂಡದ ಜೊತೆ ಚರ್ಚೆಗೆ ಇಳಿಯಬೇಡಿ, ಅವರು ಮಾಡಿದ್ದರ ಬಗ್ಗೆ ಮಾತಾಡಿ ಅಂದೆ. ಸ್ಕ್ರೀನ್ ಕೂಗದಿದ್ದರೆ ಪೆಟ್ಟಾಗುತ್ತದೆ. ಅದು ಆಟದ ಮಾತು. ಅದನ್ನು ಕೇಳಲು ಯಾವ ಗುಟ್ಟನ್ನೂ ಬಿಚ್ಚಬೇಕಿಲ್ಲ. ನಾವಿಬ್ಬರೂ ಕೂತು ಒಂದು ವಾಕ್ಯ ಮಾಡಿಕೊಂಡೆವು: ‘ಅಕ್ಕ, ನನ್ನ ಪರ್ಸನಲ್ ವಿಷಯ ನನಗೆ ಬಿಡಿ. ಡಿಫೆನ್ಸಲ್ಲಿ ಕೂಗದೇ ಇದ್ರೆ ನಂಗೆ ಏಟಾಗುತ್ತೆ, ಟೀಮಿಗೂ ಪಾಯಿಂಟ್ ಹೋಗುತ್ತೆ.’ ಇದನ್ನು ಕ್ಯಾಪ್ಟನ್‌ಗೆ ಮಾತ್ರ, ಪ್ರಾಕ್ಟೀಸಿನ ನಂತರ, ಇಬ್ಬರೇ ಇದ್ದಾಗ ಹೇಳಬೇಕು. ವಾಟ್ಸಾಪ್ ಗ್ರೂಪಿನಲ್ಲಂತೂ ಬೇಡವೇ ಬೇಡ. ಅಲ್ಲಿ ಬರೆದದ್ದು ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಫೋನಿಗೆ ಲಾಕ್ ಹಾಕಿ, ನೋಟಿಫಿಕೇಶನ್ ಮುಚ್ಚಿಡಿ ಅಂತಲೂ ಹೇಳಿದೆ. ಆ ಫೋಟೋ ಇಟ್ಟುಕೊಂಡು ಯಾರಾದರೂ ದುಡ್ಡು ಕೇಳಿದರೆ ಅದು ಅಪರಾಧ, ಒಬ್ಬರೇ ನಿಭಾಯಿಸಲು ಹೋಗದೆ ವಕೀಲರ ಜೊತೆ ಠಾಣೆಗೆ ಹೋಗಬೇಕು.

ಕಾನೂನಿನ ಬಗ್ಗೆ ಅವರು ಕೇಳಿದಾಗ ಸಕ್ಕರೆ ಹಚ್ಚಿ ಹೇಳಲಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಮೇಲೆ ಇಬ್ಬರು ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ತಾರತಮ್ಯದ ವಿರುದ್ಧ 2019ರ ಕಾಯ್ದೆಯೂ ಇದೆ. ಆದರೆ ಲೆಸ್ಬಿಯನ್ ಆಟಗಾರ್ತಿಯೊಬ್ಬರನ್ನು ಖಾಸಗಿ ಕ್ಲಬ್ಬು ಹೀಗೆ ದೂರವಿಟ್ಟರೆ ನೇರವಾಗಿ ಹಿಡಿದುಕೊಳ್ಳುವಂಥ ಕಾಯ್ದೆ ನಮ್ಮಲ್ಲಿಲ್ಲ.

ರೂಮಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇದನ್ನು ಕೋಚ್‌ಗಳು, ಮ್ಯಾನೇಜರ್‌ಗಳು ಓದಿದರೆ ಒಳ್ಳೆಯದು. ಆ ಜೂನಿಯರ್ ಹುಡುಗಿಯರಿಗೆ ಹದಿನಾರು ವರ್ಷ. ಹದಿನೆಂಟು ದಾಟದವರನ್ನು ದೊಡ್ಡವರ ರೂಮಿನಲ್ಲಿ ಮಲಗಿಸದೇ ಇರುವುದು ಒಳ್ಳೆಯ ನಿಯಮವೇ. ಆದರೆ ಅದು ಮೊದಲ ರಾತ್ರಿಯಿಂದ, ಎಲ್ಲ ಸೀನಿಯರ್‌ಗಳಿಗೂ ಇರಬೇಕಿತ್ತು. ಚೈತ್ರಾ ಒಬ್ಬರಿಗೇ, ಫೋಟೋ ನೋಡಿದ ಮೇಲೆ ಬಂದರೆ ಅದು ಮಕ್ಕಳ ರಕ್ಷಣೆ ಅಲ್ಲ, ಒಬ್ಬರ ಮೇಲೆ ಹೊರಿಸಿದ ಅನುಮಾನ. ಮಕ್ಕಳಿಗೆ ತೊಂದರೆ ಕೊಡುವವರನ್ನು ಅವರ ನಡವಳಿಕೆಯಿಂದ ಗುರುತಿಸಬೇಕು, ಯಾರನ್ನು ಪ್ರೀತಿಸುತ್ತಾರೆ ಅನ್ನುವುದರಿಂದಲ್ಲ. ಮುಂದಿನ ಟೂರ್ನಮೆಂಟಿಗೆ ಹೋಗುವ ಮೊದಲೇ ‘ಸೀನಿಯರ್‌ಗಳು ಒಂದು ಕಡೆ, ಜೂನಿಯರ್‌ಗಳು ಒಂದು ಕಡೆ ಇರಲಿ’ ಅಂತ ಸಾಮಾನ್ಯ ನಿಯಮ ಕೇಳಿ ಅಂದೆ. ಅದನ್ನು ಕೇಳಲು ಧೈರ್ಯ ಜಾಸ್ತಿ ಬೇಕಿಲ್ಲ.

ಕ್ಯಾಪ್ಟನ್ ಜೊತೆ ಮಾತಾಡಲು ಚೈತ್ರಾ ತುಂಬಾ ದಿನ ತೆಗೆದುಕೊಂಡರು. ಕೊನೆಗೆ ಮಾತಾಡಿದಾಗ ಕ್ಯಾಪ್ಟನ್ ಅಂದದ್ದು: ‘ನಂಗೂ ಗೊತ್ತು ಕಣೇ. ಏನು ಹೇಳ್ಬೇಕು ಅಂತ ತಿಳೀಲಿಲ್ಲ.’ ಮರುದಿನ ಪ್ರಾಕ್ಟೀಸಿನಲ್ಲಿ ಕೂಗದವರಿಗೆಲ್ಲ ಕ್ಯಾಪ್ಟನ್ ಅಕ್ಕ ಸ್ಪ್ರಿಂಟ್ ಹಾಕಿಸಿದರಂತೆ. ಇದನ್ನು ಹೇಳುವಾಗ ಚೈತ್ರಾ ನಕ್ಕರು. ಈಗ ಹೆಚ್ಚಿನವರು ಕೂಗುತ್ತಾರೆ, ಒಬ್ಬಳು ಇನ್ನೂ ಕೂಗುವುದಿಲ್ಲ. ಮ್ಯಾನೇಜರ್ ಬದಲಾಗಿಲ್ಲ, ಬದಲಾಗುವ ಲಕ್ಷಣವೂ ಕಾಣುತ್ತಿಲ್ಲ.

ಒಂದು ಸೆಷನ್‌ನಲ್ಲಿ ಅವರು ಗೇ ಗೇಮ್ಸ್ ಬಗ್ಗೆ ಹೇಳಿದರು. ಸಲಿಂಗ ಪ್ರೇಮಿಗಳಿಗಾಗಿ 1982ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಕ್ರೀಡಾಕೂಟ, 2023ರಲ್ಲಿ ಹಾಂಗ್‌ಕಾಂಗ್ ಮತ್ತು ಮೆಕ್ಸಿಕೋದ ಗ್ವಾದಲಹಾರದಲ್ಲಿ ಒಟ್ಟಿಗೆ ನಡೆಯಿತು. ಅಲ್ಲಿಗೆ ಹೋಗಲು ಅರ್ಹತಾ ಸುತ್ತು ಬೇಕಿಲ್ಲ, ಯಾರು ಬೇಕಾದರೂ ಆಡಬಹುದು. ಅಮೆರಿಕದ ಊರುಗಳಲ್ಲಿ ವಾರಕ್ಕೊಮ್ಮೆ ಆಡುವ ಇಂಥ ಹವ್ಯಾಸಿ ಲೀಗುಗಳೂ ಇವೆ. ‘ಅಂಥದ್ದು ಇಲ್ಲಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಲ್ವಾ ಮೇಡಂ?’ ಚೆನ್ನಾಗಿರುತ್ತಿತ್ತು. ಆದರೆ ನನ್ನ ಅಭಿಪ್ರಾಯದಲ್ಲಿ, ಈಗಿರುವ ಕೋರ್ಟನ್ನು ಬಿಟ್ಟುಕೊಟ್ಟು ಅದಕ್ಕಾಗಿ ಕಾಯಬಾರದು.

ನಡುವಿನ ದಾರಿ ಅವರೇ ಹುಡುಕಿದರು. 3x3 ಆಟ. ಅರ್ಧ ಕೋರ್ಟು, ಹತ್ತು ನಿಮಿಷ ಅಥವಾ 21 ಪಾಯಿಂಟ್. ತಂಡದಲ್ಲಿ ನಾಲ್ಕೇ ಜನ. ಮ್ಯಾಚಿನ ಹೊತ್ತಿಗೆ ಕೋಚ್ ಇರುವಂತಿಲ್ಲ, ಸಬ್‌ಸ್ಟಿಟ್ಯೂಷನ್ನು ಕೂಡ ಆಟಗಾರರೇ ನೋಡಿಕೊಳ್ಳಬೇಕು. ನಾಲ್ವರನ್ನು ತಾವೇ ಆರಿಸಿಕೊಳ್ಳಬಹುದು ಅನ್ನುವುದೇ ಚೈತ್ರಾಗೆ ದೊಡ್ಡ ವಿಷಯ. ಆ ತಂಡದ ಉಳಿದ ಮೂವರಿಗೂ ವಿಷಯ ಗೊತ್ತು. ಅವರಲ್ಲಿ ಒಬ್ಬಳು, ಅವತ್ತು ಬಿದ್ದಾಗ ಕೈ ಕೊಟ್ಟ ಎದುರಾಳಿ. ಕ್ಲಬ್ಬನ್ನೂ ಬಿಟ್ಟಿಲ್ಲ, ಲೀಗಿಗೆ ಅಲ್ಲಿಂದಲೇ ಆಡುತ್ತಾರೆ. ಮಂಡಿ ನೋವು ಕಡಿಮೆಯಾಗಿದೆ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ.

ಈಗ ನಾವು ಮಾತಾಡುತ್ತಿರುವುದು ಬ್ಯಾಸ್ಕೆಟ್‌ಬಾಲ್ ಬಗ್ಗೆ ಅಲ್ಲ. ಯುಗಾದಿಗೆ ಊರಿಗೆ ಹೋದಾಗ ಹುಡುಗನ ಕಡೆಯವರು ನೋಡಲು ಬರುತ್ತಾರಂತೆ. ಸದ್ಯಕ್ಕೆ ಅಮ್ಮನಿಗೆ ‘ಇನ್ನೆರಡು ವರ್ಷ ಮದುವೆ ಬೇಡ’ ಅಂತ ಮಾತ್ರ ಹೇಳುವುದು, ಊರಿಗೆ ಹೋಗುವಾಗ ವಾಪಸ್ ಟಿಕೆಟ್ ಮೊದಲೇ ತೆಗೆದಿಡುವುದು ಅಂತ ತೀರ್ಮಾನಿಸಿದ್ದೇವೆ.