304 ತೊಟ್ಟಿಗೆ ಎಂಎಸ್ ಕಾಲು: ಯಾವ ಕಡೆಗೆ ಯಾವ ಫಿಲ್ಲರ್

2 ಮಿ.ಮೀ. 304 (ಸ್ಟೇನ್‌ಲೆಸ್ ಸ್ಟೀಲಿನ ಒಂದು ದರ್ಜೆ) ಶೀಟಿನ ತೊಟ್ಟಿ, ಅದಕ್ಕೆ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಉಕ್ಕು) ಆಂಗಲ್ ಕಾಲು, ಎಲ್ಲಕ್ಕೂ 308ಎಲ್ ಫಿಲ್ಲರ್ (ಜೋಡಿಗೆ ಕರಗಿಸಿ ತುಂಬುವ ರಾಡ್) ಸಾಕಾ ಅಂತ ಕೇಳಿದ್ದೀರಿ. ಸಾಲದು. ತೊಟ್ಟಿಯ ಜೋಡುಗಳಿಗೆ 308ಎಲ್ ಸರಿ, ಕಾಲು ಕೂರುವ ಕಡೆ 309ಎಲ್ ಬೇಕು.

ವೆಲ್ಡ್‌ನಲ್ಲಿ ಉಳಿಯುವುದು ಬರೀ ರಾಡ್ ಅಲ್ಲ, ಎರಡೂ ಬದಿಯ ಲೋಹ ಕರಗಿ ಅದರಲ್ಲಿ ಬೆರೆಯುತ್ತದೆ. 308ಎಲ್‌ನಲ್ಲಿ ಕ್ರೋಮಿಯಂ ಸುಮಾರು ಶೇ. 20, ನಿಕಲ್ ಶೇ. 10. ಅದಕ್ಕೆ ಎಂಎಸ್ ಬೆರೆತರೆ ಎರಡೂ ಇಳಿದು, ತಣಿಯುವಾಗ ಮಾರ್ಟೆನ್ಸೈಟ್ ಎಂಬ ಗಡಸು, ಪೆಡಸು ರೂಪಕ್ಕೆ ತಿರುಗಿ ಬಿರುಕು ಬಿಡಬಹುದು. 309ಎಲ್‌ನಲ್ಲಿ ಕ್ರೋಮಿಯಂ ಸುಮಾರು ಶೇ. 24, ನಿಕಲ್ ಶೇ. 13 ಇರುವುದರಿಂದ ಆ ಬೆರಕೆಯನ್ನು ತಾಳಿಕೊಳ್ಳುತ್ತದೆ. ಆಂಗಲ್ ಜಿಐ (ಸತು ಲೇಪಿಸಿದ್ದು) ಆಗಿದ್ದರೆ ವೆಲ್ಡ್ ಆಗುವ ಜಾಗದಿಂದ ಸತುವನ್ನು ಪೂರ್ತಿ ಉಜ್ಜಿ ತೆಗೆಯಿರಿ. ಕರಗಿದ ಸತು ಸ್ಟೇನ್‌ಲೆಸ್‌ನ ಕಣಗಳ ನಡುವೆ ಇಳಿದು ಸೀಳಿಬಿಡುತ್ತದೆ.

ತೊಟ್ಟಿಯ ಶೀಟು 316 ದರ್ಜೆ ಆಗಿದ್ದರೆ ತೊಟ್ಟಿಯ ಜೋಡುಗಳಿಗೆ 316ಎಲ್ ಹಾಕಿ. ಕ್ಲೋರೈಡ್ ಇರುವ ಗೊಬ್ಬರದ ದ್ರಾವಣ ತುಂಬುವುದಾದರಂತೂ 308ಎಲ್ ಬೇಡ. ಅದರಲ್ಲಿ ಕ್ಲೋರೈಡನ್ನು ತಡೆದುಕೊಳ್ಳಲು ನೆರವಾಗುವ ಮಾಲಿಬ್ಡಿನಂ ಇಲ್ಲ, ಶೀಟು ಚೆನ್ನಾಗಿದ್ದರೂ ವೆಲ್ಡ್ ಗೆರೆ ತೂತು ಬೀಳುತ್ತದೆ. ಆಯಸ್ಕಾಂತ ಹಿಡಿದು 304, 316 ಬೇರೆ ಮಾಡಲು ಆಗುವುದಿಲ್ಲ, ಬಿಲ್ ನೋಡಿಯೇ ನಂಬಿ.

'ಎಲ್' ಇಲ್ಲದ ಫಿಲ್ಲರ್ ತೊಟ್ಟಿಗೆ ತರಬೇಡಿ. 'ಎಲ್' ಇದ್ದರೆ ಕಾರ್ಬನ್ ಕಡಿಮೆ, ಟಿಗ್ (ಆರ್ಗಾನ್ ಗ್ಯಾಸಿನ ರಕ್ಷಣೆಯಲ್ಲಿ ಮಾಡುವ ವೆಲ್ಡಿಂಗ್) ರಾಡಿನಲ್ಲಿ ಗರಿಷ್ಠ ಶೇ. 0.03. ಕಾರ್ಬನ್ ಹೆಚ್ಚಿದ್ದು, 425ರಿಂದ 870 ಡಿಗ್ರಿ ಸೆಲ್ಸಿಯಸ್ ನಡುವೆ ಹೆಚ್ಚು ಹೊತ್ತು ಉಳಿದರೆ, ಕಾರ್ಬನ್ ಕ್ರೋಮಿಯಂ ಹಿಡಿದುಕೊಳ್ಳುತ್ತದೆ, ಪಕ್ಕದ ಲೋಹ ತುಕ್ಕಿಗೆ ತೆರೆದುಕೊಳ್ಳುತ್ತದೆ. ಅದಕ್ಕೇ ಒಂದೇ ಕಡೆ ಉದ್ದಕ್ಕೆ ಎಳೆಯದೆ, ತುಂಡು ತುಂಡಾಗಿ ಹಾಕಿ ಆರಲು ಬಿಡಿ.

ಟಿಗ್ ಆದರೆ 1.6 ಮಿ.ಮೀ. ರಾಡ್, ಟಾರ್ಚ್ ಮೆಷಿನ್ನಿನ ನೆಗೆಟಿವ್ ತುದಿಗೆ, ಆರ್ಗಾನ್ ನಿಮಿಷಕ್ಕೆ 8ರಿಂದ 10 ಲೀಟರ್. ಕರೆಂಟನ್ನು 60 ಆಂಪಿಯರ್ ಹತ್ತಿರ ಶುರು ಮಾಡಿ, ಚೂರು ಶೀಟಿನ ಮೇಲೆ ಹೊಂದಿಸಿಕೊಳ್ಳಿ. ಬಿಸಿ ರಾಡಿನ ತುದಿಯನ್ನು ಗ್ಯಾಸಿನಿಂದ ಹೊರಗೆ ಎಳೆಯಬೇಡಿ. ಎಳೆದರೆ ಅದು ಕಪ್ಪಾಗಿ, ಮುಂದಿನ ಹನಿಯ ಜೊತೆ ಆ ಕೊಳೆಯೂ ಒಳಗೆ ಹೋಗುತ್ತದೆ. ಜೋಡಿನ ಒಳಬದಿಗೂ ಆರ್ಗಾನ್ ಕೊಡಿ. ಕೊಡದಿದ್ದರೆ ಅಲ್ಲಿ ಸುಟ್ಟ ಸಕ್ಕರೆಯಂಥ ಒರಟು ಪದರ ಕಟ್ಟುತ್ತದೆ, ದ್ರವ ಅಲ್ಲೇ ನಿಂತು ತಿನ್ನುತ್ತದೆ.

ವಾಲ್ವಿನ ಸಾಕೆಟ್ 303 ಆಗಿರದಂತೆ ನೋಡಿಕೊಳ್ಳಿ. ಲೇಥ್ ಕೆಲಸಕ್ಕೆಂದು ಅದರಲ್ಲಿ ಗಂಧಕ ಹೆಚ್ಚಿರುತ್ತದೆ, ಬಿಸಿಯಲ್ಲೇ ಬಿರಿಯುತ್ತದೆ. ಎಂಎಸ್ ಉಜ್ಜಿದ ಗ್ರೈಂಡಿಂಗ್ ಡಿಸ್ಕನ್ನಾಗಲಿ, ಕಬ್ಬಿಣದ ತಂತಿ ಬ್ರಷ್‌ನ್ನಾಗಲಿ ತೊಟ್ಟಿಗೆ ಮುಟ್ಟಿಸಬೇಡಿ, ಅಂಟಿದ ಕಬ್ಬಿಣದ ಕಣಗಳೇ ಮೊದಲು ತುಕ್ಕು ಹಿಡಿಯುತ್ತವೆ. ವೆಲ್ಡಿನ ಬಿಸಿಗೆ ಬಂದ ನೀಲಿ, ಕಪ್ಪು ಕಲೆಗೆ ಪಿಕ್ಲಿಂಗ್ ಪೇಸ್ಟ್ (ಕಲೆ ತೆಗೆಯುವ ಆಮ್ಲದ ಪೇಸ್ಟ್) ಬಳಸುವುದಾದರೆ ರಬ್ಬರ್ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಬಹುತೇಕ ಪೇಸ್ಟ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಚರ್ಮಕ್ಕೆ ತಾಗಿದರೆ ಉರಿ ಇಲ್ಲದಿದ್ದರೂ ತಕ್ಷಣ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.